ಕೆಂಪು ಬಸ್ಸಿನಲ್ಲಿ ವಿಜಯನಗರ

ಹಂಪಿ ನೋಡಿ ಬಂದವರನ್ನು ‘ಏನೇನು ನೋಡಿದಿರಿ?’ ಎಂದು ಕೇಳಿದರೆ ಉತ್ತರಕ್ಕೇನೂ ಬರವಿಲ್ಲ. ವಿರೂಪಾಕ್ಷನ ಗುಡಿ, ಉಗ್ರನರಸಿಂಹ, ಸಾಸಿವೆಕಾಳು ಗಣಪ, ಕಮಲ ಮಹಲ್, ಆನೆ ಲಾಯ, ಕಲ್ಲಿನ ರಥ... ಪಟ್ಟಿ ಬೆಳೆಯುತ್ತದೆ. ‘ಆ ಊರು ಎಷ್ಟು ದೊಡ್ಡದಿತ್ತು? ಎಲ್ಲಿಂದ ಶುರುವಾಗಿ ಎಲ್ಲಿಗೆ ಮುಗಿಯುತ್ತಿತ್ತು?’ ಎಂದು ಕೇಳಿದಿರೋ, ದೊಡ್ಡವರೂ ಮಕ್ಕಳೂ ಒಬ್ಬರ ಮುಖ ಒಬ್ಬರು ನೋಡತೊಡಗುತ್ತಾರೆ.

ಇದರಲ್ಲಿ ಅವರ ತಪ್ಪೇನೂ ಇಲ್ಲ. ಬಾಡಿಗೆ ಕಾರಿನಲ್ಲಿ ಬೆಳಗ್ಗೆ ಹೊರಟು, ಒಂದು ಸ್ಮಾರಕದ ಬಾಗಿಲಿನಿಂದ ಇನ್ನೊಂದು ಸ್ಮಾರಕದ ಬಾಗಿಲಿಗೆ ಓಡಿ, ಸಂಜೆಗೆ ತುಂಗಭದ್ರಾ ಅಣೆಕಟ್ಟೆಯ ದೀಪ ನೋಡಿ ಊರಿಗೆ ಹಿಂದಿರುಗಿದರೆ ಹಂಪಿ ಬಿಡಿಬಿಡಿ ಚಿತ್ರಗಳಾಗಿಯೇ ನೆನಪಿನಲ್ಲಿ ಉಳಿಯುತ್ತದೆ. 2017ರಲ್ಲಿ ಬಂದ ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ಕಲ್ಲಿನ ರಥವಿದೆ. ಅದನ್ನೇ ಮತ್ತೊಮ್ಮೆ ನೋಡಿ ಬಂದಂತಾಯಿತೇ ಹೊರತು ರಥದ ಸುತ್ತ ಇದ್ದ ನಗರ ಕಣ್ಣಿಗೆ ಬೀಳಲಿಲ್ಲ.

ಈ ಕೊರತೆಗೆ ಸುಲಭವೂ ಅಗ್ಗವೂ ಆದ ಪರಿಹಾರವೊಂದು ಹೊಸಪೇಟೆಯ ಬಸ್ ನಿಲ್ದಾಣದಲ್ಲಿಯೇ ನಿಂತಿರುತ್ತದೆ. ಅದೇ ಸರ್ಕಾರಿ ಕೆಂಪು ಬಸ್ಸು! ಮದರಾಸು, ಮುಂಬಯಿಗಳಂಥ ಮಹಾನಗರವನ್ನು ಸಿಟಿ ಬಸ್ಸಿನಲ್ಲಿ ಸುತ್ತಿ ಅರಿಯುವಂತೆ, ಐದು ಶತಮಾನಗಳ ಹಿಂದಿನ ಮಹಾನಗರವೊಂದನ್ನು ಇಂದಿನ ಹಳ್ಳಿ ಬಸ್ಸುಗಳಲ್ಲಿ ಸುತ್ತಿ ಅರಿಯಬಹುದು. ವಿದ್ಯಾರ್ಥಿಗಳಿಗಂತೂ ಇದು ಪಠ್ಯಪುಸ್ತಕದ ಒಂದು ಅಧ್ಯಾಯವನ್ನೇ ಕಣ್ಣಾರೆ ಓದಿದಂತೆ.

ಎಷ್ಟು ದೊಡ್ಡ ನಗರ?

1986ರಲ್ಲಿ ಹಂಪಿಯ ಸ್ಮಾರಕಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆ ಪಟ್ಟಿಯ ಪ್ರಕಾರ ರಕ್ಷಿತ ಪ್ರದೇಶದ ವಿಸ್ತೀರ್ಣ ಸುಮಾರು 41.8 ಚದರ ಕಿ.ಮೀ. ಅದರೊಳಗೆ ಉಳಿದಿರುವ ಅವಶೇಷಗಳು 1,600ಕ್ಕೂ ಹೆಚ್ಚು. ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿ ಇನ್ನೂ ದೊಡ್ಡದು. ಸುಮಾರು 236 ಚ.ಕಿ.ಮೀ., 29 ಹಳ್ಳಿಗಳು.

1443ರಲ್ಲಿ ಪರ್ಷಿಯಾದ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕ್ ಈ ನಗರಕ್ಕೆ ಒಂದರೊಳಗೊಂದು ಏಳು ಸುತ್ತಿನ ಕೋಟೆ ಇದ್ದುದನ್ನು ಬರೆದಿಟ್ಟಿದ್ದಾನೆ. ಹೊರಗಿನ ಮೂರು ಸುತ್ತುಗಳ ನಡುವೆ ಹೊಲ, ತೋಟ, ಮನೆಗಳು. ಮೂರರಿಂದ ಏಳನೆಯ ಸುತ್ತಿನವರೆಗೆ ಕಿಕ್ಕಿರಿದ ಅಂಗಡಿ ಬೀದಿಗಳು ಎನ್ನುತ್ತಾನೆ ಅವನು. ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸಿನಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಒಂದು ಬೆಟ್ಟ ಹತ್ತಿ ನೋಡಿದ. ಅಲ್ಲಿಂದಲೂ ನಗರ ಪೂರ್ತಿ ಕಾಣಲಿಲ್ಲ. ನಡುನಡುವೆ ಬೆಟ್ಟಗಳು ಅಡ್ಡ ಬಂದವು. ಕಂಡಷ್ಟು ಭಾಗವೇ ರೋಮ್ ನಗರದಷ್ಟು ದೊಡ್ಡದೆಂದು ಅವನು ಬೆರಗಾದ.

ಇವೆರಡು ಮಾತುಗಳನ್ನು ನೆನಪಿನಲ್ಲಿಟ್ಟುಕೊಂಡು ಬಸ್ಸು ಹತ್ತಬೇಕು. ಹೊಲ ತೋಟಗಳೂ ನಗರದ ಒಳಗೇ ಇದ್ದವು ಎಂಬ ಅಂಶ ಮುಖ್ಯ. ಬಸ್ಸಿನ ಕಿಟಕಿಯಿಂದ ಬಾಳೆ ತೋಟ ಕಂಡಾಗ ‘ಹಂಪಿ ಇನ್ನೂ ಬಂದಿಲ್ಲ’ ಎಂದು ಕಣ್ಣು ಮುಚ್ಚುವವರು, ಹಂಪಿಯೊಳಗೆ ಕುಳಿತೇ ನಿದ್ದೆ ಮಾಡುತ್ತಿರುತ್ತಾರೆ!

ಹೊಸಪೇಟೆಯೂ ನಗರದ ಭಾಗವೇ

ಹಂಪಿಗೆ ಹೋಗುವವರು ಹೊಸಪೇಟೆಯನ್ನು ಇಳಿದು ಹತ್ತುವ ಊರೆಂದಷ್ಟೇ ತಿಳಿಯುವುದುಂಟು. ಈ ಊರನ್ನು ಕಟ್ಟಿಸಿದವನು ಕೃಷ್ಣದೇವರಾಯ. ಆಗ ಇದರ ಹೆಸರು ನಾಗಲಾಪುರ. ರಾಜಧಾನಿಯ ಪಕ್ಕದಲ್ಲಿ ಎದ್ದ ಹೊಸ ಪೇಟೆಯಾದ್ದರಿಂದ ಜನರ ಬಾಯಲ್ಲಿ ಹೊಸಪೇಟೆಯೇ ಆಗಿ ಉಳಿಯಿತು. ಗೋವೆಯ ಕಡೆಯಿಂದ ಬರುತ್ತಿದ್ದ ವ್ಯಾಪಾರಿಗಳಿಗೆ ರಾಜಧಾನಿಯ ಪಶ್ಚಿಮದ ಹೆಬ್ಬಾಗಿಲು ಇದೇ ಆಗಿತ್ತು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಹೊಸಪೇಟೆಯೇ ಜಿಲ್ಲಾ ಕೇಂದ್ರವಾಯಿತು.

ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ ಬಂದವರು ಬೆಳಗ್ಗೆ ಇಲ್ಲಿ ಇಳಿಯುತ್ತಾರೆ. ಒಂದು ತಟ್ಟೆ ಒಗ್ಗರಣೆ, ಜೊತೆಗೆ ಬಿಸಿ ಬಿಸಿ ಮಿರ್ಚಿ. ಬಳ್ಳಾರಿ ಸೀಮೆಯ ಈ ತಿಂಡಿ ಮುಗಿಸಿ ಬಸ್ ನಿಲ್ದಾಣಕ್ಕೆ ಬಂದರೆ ದಿನ ಸರಿಯಾಗಿ ಶುರುವಾದಂತೆ.

ಮಹಾನಗರಗಳಲ್ಲಿರುವಂತೆ ಇಲ್ಲಿನ ಹಳ್ಳಿ ಬಸ್ಸುಗಳನ್ನು ನಂಬರಿನಿಂದ ಗುರುತಿಸುವ ರೂಢಿಯಿಲ್ಲ. ಮುಂದಿನ ಬೋರ್ಡಿನಲ್ಲಿ ಕನ್ನಡದಲ್ಲಿ ಬರೆದ ಊರ ಹೆಸರೇ ಆಧಾರ. ಹಂಪಿಗೆ ಎರಡು ದಾರಿಗಳಿವೆ. ಒಂದು ಅನಂತಶಯನಗುಡಿ, ಕಡ್ಡಿರಾಂಪುರಗಳ ಮೇಲೆ ನೇರವಾಗಿ ಹೋಗುತ್ತದೆ. ಸುಮಾರು 13 ಕಿ.ಮೀ. ಇನ್ನೊಂದು ಕಮಲಾಪುರದ ಮೇಲೆ ಬಳಸಿಕೊಂಡು ಹೋಗುತ್ತದೆ. ಹತ್ತುವ ಮೊದಲು ‘ಯಾವ ಕಡೆಯಿಂದ ಹೋಗ್ತದ್ರೀ?’ ಎಂದು ಕಂಡಕ್ಟರನ್ನು ಒಂದು ಮಾತು ಕೇಳಬೇಕು. ಈ ಕೆಲಸವನ್ನು ಮಕ್ಕಳಿಗೇ ಬಿಡುವುದು ಒಳ್ಳೆಯದು. ಬೋರ್ಡು ಓದುವುದು, ಕೇಳುವುದು, ಚಿಲ್ಲರೆ ಎಣಿಸಿ ಕೊಡುವುದು, ಟಿಕೆಟನ್ನು ಇಳಿಯುವವರೆಗೆ ಜೋಪಾನವಾಗಿ ಇಟ್ಟುಕೊಳ್ಳುವುದು ಇವೆಲ್ಲ ಶಾಲೆಯಲ್ಲಿ ಹೇಳಿಕೊಡದ ಪಾಠಗಳು.

ಪಾಯಸ್ ನಡೆದ ದಾರಿ

ಹೋಗುವಾಗ ಒಂದು ದಾರಿ, ಬರುವಾಗ ಇನ್ನೊಂದು ದಾರಿ ಹಿಡಿದರೆ ಲಾಭ ಹೆಚ್ಚು. ಮೊದಲು ಕಡ್ಡಿರಾಂಪುರದ ದಾರಿ. ಹೊಸ ಪೇಟೆಯಿಂದ ರಾಜಧಾನಿಯವರೆಗಿನ ರಸ್ತೆಯ ಎರಡೂ ಬದಿಗೆ ಮನೆ, ಅಂಗಡಿಗಳ ಸಾಲು ಇತ್ತೆಂದೂ ದಾರಿಹೋಕರ ನೆರಳಿಗಾಗಿ ಮರಗಳನ್ನು ನೆಟ್ಟಿದ್ದರೆಂದೂ ಪಾಯಸ್ ಬರೆದಿದ್ದಾನೆ. ಇಂದಿನ ಬಸ್ಸು ಓಡುವುದು ಹೆಚ್ಚು ಕಡಿಮೆ ಅದೇ ದಿಕ್ಕಿನಲ್ಲಿ.

ಹೊಸಪೇಟೆ ಬಿಟ್ಟು ಸ್ವಲ್ಪ ಹೊತ್ತಿನಲ್ಲೇ ಅನಂತಶಯನಗುಡಿ. 1524ರಲ್ಲಿ ಕೃಷ್ಣದೇವರಾಯ ತನ್ನ ಮಗ ತಿರುಮಲನ ಹೆಸರಿನಲ್ಲಿ ಇಲ್ಲೊಂದು ಉಪನಗರ ಕಟ್ಟಿಸಿ, ಅನಂತಪದ್ಮನಾಭನಿಗೆ ಈ ದೇವಾಲಯ ಮಾಡಿಸಿದ. ಮಲಗಿದ ದೇವರಿಗಾಗಿ ಉದ್ದನೆಯ ಗರ್ಭಗುಡಿ, ಅದರ ಮೇಲೆ ಎತ್ತರವಾದ ಕಮಾನಿನ ಚಾವಣಿ. ಒಳಗೆ ಮಾತ್ರ ಆ ವಿಗ್ರಹವಿಲ್ಲ! ಇಲ್ಲಿಗೆಂದು ಕಡೆದ ಮೂರ್ತಿ ಹೂವಿನಹಡಗಲಿ ತಾಲ್ಲೂಕಿನ ಹೊಳಲಿನಲ್ಲಿಯೇ ಉಳಿಯಿತೆಂದು ಜನ ಹೇಳುತ್ತಾರೆ. ಹೊಳಲಿನಲ್ಲಿ ಇಂದಿಗೂ ಸುಂದರವಾದ ಅನಂತಶಯನನ ಮೂರ್ತಿ ಇದೆ. ಕಾರಿನವರು ಸಾಮಾನ್ಯವಾಗಿ ಇಲ್ಲಿ ನಿಲ್ಲುವುದಿಲ್ಲ. ಬಸ್ಸಿನವರಾದರೆ ಇಳಿದು ನೋಡಿ ಮುಂದಿನ ಬಸ್ಸು ಹಿಡಿಯಬಹುದು.

ಮುಂದೆ ಕಬ್ಬು, ಬಾಳೆ, ಭತ್ತದ ಹಸಿರು. ಈ ಹಸಿರಿಗೆ ನೀರುಣಿಸುವ ಬಸವಣ್ಣ ಕಾಲುವೆ, ತುರ್ತಾ ಕಾಲುವೆ ಮುಂತಾದವು ವಿಜಯನಗರದ ಅರಸರ ಕಾಲದವು. ಅರಮನೆಗಳು ಬಿದ್ದವು, ಅಂಗಡಿ ಬೀದಿಗಳು ಬರಿದಾದವು. ಆದರೆ ಕಾಲುವೆಗಳು ಒಡೆಯರು ಬದಲಾದರೂ ಕೆಲಸ ನಿಲ್ಲಿಸಲಿಲ್ಲ. 1565ರ ಯುದ್ಧದ ನಂತರ ‘ಹಾಳು ಹಂಪಿ’ ಎನಿಸಿಕೊಂಡ ಊರಿನಲ್ಲಿ ಹಾಳಾಗದೆ ಉಳಿದದ್ದು ಇದು. ಅಬ್ದುರ್ ರಜಾಕ್ ಕಂಡ ಹೊಲ ತೋಟಗಳ ಸುತ್ತು ಹೇಗಿದ್ದೀತು ಎಂದು ಊಹಿಸಲು ಬಸ್ಸಿನ ಕಿಟಕಿಗಿಂತ ಒಳ್ಳೆಯ ಜಾಗ ಬೇರೆ ಬೇಕಿಲ್ಲ.

ಕಡ್ಡಿರಾಂಪುರದಲ್ಲಿ ಇಳಿಯುವ ಜನರಲ್ಲಿ ಹಂಪಿಯಿಂದಲೇ ಎದ್ದು ಬಂದವರೂ ಇದ್ದಾರು. ವಿರೂಪಾಕ್ಷ ಬಜಾರಿನ ಕಲ್ಲುಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು 2011ರ ಜುಲೈನಲ್ಲಿ ತೆರವುಗೊಳಿಸಲಾಯಿತು. ಅವರಿಗೆ ಬದಲಿ ನಿವೇಶನಗಳನ್ನು ಕೊಟ್ಟದ್ದು ಕಡ್ಡಿರಾಂಪುರದಲ್ಲಿ. ಹಳೆಯ ಕಲ್ಲನ್ನು ಕಾಪಾಡಬೇಕು ನಿಜ; ಆ ಕಲ್ಲಿನ ನೆರಳಿನಲ್ಲಿ ಬದುಕಿದವರ ಗತಿಯೇನು? ಮಕ್ಕಳು ಈ ಪ್ರಶ್ನೆ ಕೇಳಿದರೆ ದೊಡ್ಡವರು ಸುಮ್ಮನಾಗಿಸಬಾರದು. ಪರಂಪರೆಯ ತಾಣಗಳಿರುವ ಎಲ್ಲ ದೇಶಗಳೂ ಎದುರಿಸುತ್ತಿರುವ ಪ್ರಶ್ನೆಯಿದು.

ಬಸ್ಸು ಹಂಪಿಯಲ್ಲಿ ನಿಲ್ಲುತ್ತದೆ. ವಿರೂಪಾಕ್ಷನ ಹಿರಿಯ ಗೋಪುರ ಸುಮಾರು 50 ಮೀಟರ್ ಎತ್ತರ. ಗುಡಿಯ ಹಿಂಭಾಗದ ಒಂದು ಕೋಣೆಯಲ್ಲಿ, ಸಣ್ಣ ಕಿಂಡಿಯಿಂದ ಬಂದ ಬೆಳಕು ಇದೇ ಗೋಪುರದ ನೆರಳನ್ನು ಗೋಡೆಯ ಮೇಲೆ ತಲೆಕೆಳಗಾಗಿ ಬೀಳಿಸುತ್ತದೆ. ಬೆಳಕು ನೇರ ಗೆರೆಯಲ್ಲಿ ಚಲಿಸುತ್ತದೆ ಎಂದು ವಿಜ್ಞಾನದ ಪುಸ್ತಕದಲ್ಲಿ ಓದಿದ ಸೂಜಿರಂಧ್ರ ಕ್ಯಾಮೆರಾ ಇದೇ! ಬಿಸಿಲು ಏರುವ ಮೊದಲು ಕಾಲಲ್ಲಿ ಶಕ್ತಿಯಿರುವವರು ಮಾತಂಗ ಪರ್ವತ ಹತ್ತಬಹುದು. ಪಾಯಸ್ ಏಕೆ ಬೆರಗಾದನೆಂಬುದು ಅಲ್ಲಿ ನಿಂತವರಿಗೆ ಯಾರೂ ಹೇಳದೆಯೇ ತಿಳಿಯುತ್ತದೆ.

ಕಮಲಾಪುರದಲ್ಲಿ ನಕ್ಷೆ

ಹಿಂದಿರುಗುವಾಗ ಕಮಲಾಪುರದ ದಾರಿ. ಹಂಪಿಯಿಂದ ಕಮಲಾಪುರ ಸುಮಾರು 4 ಕಿ.ಮೀ. ಈ ದಾರಿಯ ಆಸುಪಾಸಿನಲ್ಲಿ ಹೇಮಕೂಟ, ಕಡಲೆಕಾಳು ಗಣಪ, ಸಾಸಿವೆಕಾಳು ಗಣಪ, ಉದಯಗಿರಿಯ ವಿಜಯದ ನೆನಪಿಗೆ ಕಟ್ಟಿಸಿದ ಕೃಷ್ಣ ದೇವಾಲಯ, 1528ರ ಲಕ್ಷ್ಮೀನರಸಿಂಹ, ಬಡವಿಲಿಂಗ, ಉದ್ದಾನ ವೀರಭದ್ರ, ನೆಲಮಟ್ಟಕ್ಕಿಂತ ಕೆಳಗಿರುವ ಪ್ರಸನ್ನ ವಿರೂಪಾಕ್ಷ ಹೀಗೆ ಸಾಲು ಸಾಲು. ಇವನ್ನು ಬಸ್ಸಿನಲ್ಲಿ ಕುಳಿತು ನೋಡಲಾಗದು, ನಡೆಯಬೇಕು. ಕೃಷ್ಣ ದೇವಾಲಯದ ತನಕ ನಡೆದು, ಅಲ್ಲಿಂದ ಮುಂದಕ್ಕೆ ಬಸ್ಸೋ ಆಟೋವೋ ಸಿಕ್ಕಿದ್ದನ್ನು ಹತ್ತುವುದು ಜಾಣತನ.

ಕಮಲಾಪುರಕ್ಕೆ ಬಂದವರು ತಪ್ಪದೆ ನೋಡಬೇಕಾದದ್ದು ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯ. ಇದರ ಅಂಗಳದಲ್ಲಿ ಹಂಪಿಯ ಇಡೀ ಪ್ರದೇಶದ ಮಾದರಿಯನ್ನು ನೆಲದ ಮೇಲೆ ಮಾಡಿಟ್ಟಿದ್ದಾರೆ. ಹೊಳೆ ಎಲ್ಲಿ ತಿರುಗುತ್ತದೆ, ಬೆಟ್ಟದ ಸಾಲು ಎಲ್ಲಿ ಬಿಡುತ್ತದೆ, ಆ ಸಂದುಗಳನ್ನು ಕೋಟೆಗೋಡೆ ಹೇಗೆ ಮುಚ್ಚುತ್ತದೆ ಎಲ್ಲವೂ ಒಂದೇ ನೋಟಕ್ಕೆ ಕಾಣುತ್ತವೆ. ಬೆಳಗ್ಗೆ ಬಂದ ಬಸ್ಸಿನ ದಾರಿಯನ್ನು ಈ ಮಾದರಿಯ ಮೇಲೆ ಬೆರಳಿಟ್ಟು ಗುರುತಿಸಲು ಮಕ್ಕಳಿಗೆ ಹೇಳಿ ನೋಡಿ. ಬಿಡಿ ಬಿಡಿ ಚಿತ್ರಗಳು ಕೂಡಿಕೊಳ್ಳುವುದು ಆಗಲೇ.

ಕಮಲಾಪುರದಿಂದ ರಾಣಿಯರ ಸ್ನಾನಗೃಹ, ಮಹಾನವಮಿ ದಿಬ್ಬ, ಹಜಾರರಾಮ, ಕಮಲ ಮಹಲ್, ಆನೆ ಲಾಯಗಳು ನಡಿಗೆಯ ದೂರದಲ್ಲಿವೆ. ಮಹಾನವಮಿ ದಿಬ್ಬದ ಬಳಿಯ ಮೆಟ್ಟಿಲ ಪುಷ್ಕರಣಿ ಮಣ್ಣಿನಡಿ ಹೂತುಹೋಗಿತ್ತು. 1980ರ ದಶಕದ ಉತ್ಖನನದಲ್ಲಿ ಅದು ಹೊರಬಂತು. ಪಕ್ಕದಲ್ಲಿಯೇ ಕಂಬಗಳ ಮೇಲೆ ಹಾದುಹೋಗುವ ಕಲ್ಲಿನ ನೀರ್ಗಾಲುವೆ. ಇಷ್ಟು ದೊಡ್ಡ ನಗರಕ್ಕೆ ನೀರನ್ನು ಹೇಗೆ ಹಂಚುತ್ತಿದ್ದರು ಎಂಬ ಪ್ರಶ್ನೆಗೆ ಅದು ಕಲ್ಲಿನಲ್ಲೇ ಬರೆದ ಉತ್ತರ.

ವಿಠಲ ದೇವಾಲಯಕ್ಕೆ ಹೋಗುವವರು ತಳವಾರಘಟ್ಟದ ದಾರಿ ಹಿಡಿದು ಗೆಜ್ಜಲ ಮಂಟಪದವರೆಗೆ ಬರಬೇಕು. ಹೊಗೆಯಿಂದ ಕಲ್ಲಿಗೆ ಹಾನಿಯಾಗದಿರಲೆಂದು ಅಲ್ಲಿಂದ ಮುಂದಕ್ಕೆ ಬ್ಯಾಟರಿ ವಾಹನಗಳನ್ನು ಓಡಿಸುತ್ತಾರೆ. ಹಳೆಯ ಬಜಾರದ ಉದ್ದಕ್ಕೆ ನಡೆದೇ ಹೋದರೂ ಒಂದು ಕಿ.ಮೀ. ಆದೀತು.

ಕಂಪ್ಲಿ ಬಸ್ಸು

ಎರಡನೆಯ ದಿನ ಪೂರ್ವದ ಕಡೆಗೆ. ಹೊಸಪೇಟೆಯಿಂದ ಕಂಪ್ಲಿಗೆ ಮೂವತ್ತೆರಡು, ಮೂವತ್ಮೂರು ಕಿ.ಮೀ. ಬಸ್ಸು ಕಮಲಾಪುರ ದಾಟುತ್ತಿದ್ದಂತೆ ಗಾಣಗಿತ್ತಿ ಗುಡಿ ಕಾಣುತ್ತದೆ. ಹೆಸರು ಹೀಗಿದ್ದರೂ ಇದು ಜೈನ ಬಸದಿ; ಎರಡನೆಯ ಹರಿಹರನ ದಂಡನಾಯಕ ಇರುಗಪ್ಪ 14ನೇ ಶತಮಾನದ ಕೊನೆಯ ಭಾಗದಲ್ಲಿ ಕಟ್ಟಿಸಿದ್ದು. ಸ್ವಲ್ಪ ಮುಂದೆ ಮಾಲ್ಯವಂತ ಬೆಟ್ಟ. ಸೀತೆಯನ್ನು ಹುಡುಕುತ್ತಾ ಬಂದ ರಾಮಲಕ್ಷ್ಮಣರು ಮಳೆಗಾಲ ಕಳೆದದ್ದು ಇಲ್ಲಿಯೇ ಎಂಬುದು ಸ್ಥಳಪುರಾಣ. ಸಾಲು ಬಂಡೆಗಳ ನಡುವೆ ರಘುನಾಥನ ಗುಡಿ. ಸೂರ್ಯಾಸ್ತ ನೋಡಲು ಪ್ರಶಸ್ತವಾದ ಜಾಗ. ಆದರೆ ಬಸ್ಸಿನವರು ಕತ್ತಲಾಗುವ ತನಕ ಬೆಟ್ಟದ ಮೇಲೆ ಉಳಿಯಬಾರದು.

ರಾಜಧಾನಿಯ ಗೋಡೆಗಳನ್ನು ಹಿಂದೆ ಬಿಟ್ಟು, ಗದ್ದೆಗಳ ನಡುವೆ ಸಾಗಿ ಬಸ್ಸು ಕಂಪ್ಲಿ ತಲುಪುತ್ತದೆ. ಅಕ್ಕಿ ಗಿರಣಿಗಳ ಈ ಊರಿಗೆ ಪ್ರವಾಸಿಗರು ಬರುವುದು ಅಪರೂಪ. ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಹಂಪಿಯ ಕಥೆ ಶುರುವಾಗುವುದೇ ಇಲ್ಲಿ. 11ನೇ ಶತಮಾನದಲ್ಲಿಯೇ ಚಾಲುಕ್ಯರ ಅರಮನೆ ಇದ್ದ, ಚೋಳರ ದಾಳಿಗೆ ತುತ್ತಾದ ಊರು ಇದು. 14ನೇ ಶತಮಾನದ ಆರಂಭದಲ್ಲಿ ಕಂಪಿಲರಾಯನ ಪುಟ್ಟ ರಾಜ್ಯಕ್ಕೆ ಹೆಸರು ಕೊಟ್ಟದ್ದೂ ಇದೇ. ದೆಹಲಿಯ ಮಹಮದ್ ಬಿನ್ ತುಘಲಕ್‌ನ ಸೈನ್ಯ 1327ರ ಹೊತ್ತಿಗೆ ಆ ರಾಜ್ಯವನ್ನು ಮುಗಿಸಿತು. ಕಂಪಿಲನ ಮಗ ಕುಮಾರರಾಮ ಜನಪದರ ಹಾಡು ಕಥೆಗಳಲ್ಲಿ ವೀರನಾಗಿ ಉಳಿದ. ಅವನ ಕುಮ್ಮಟದುರ್ಗ ಹೊಳೆಯಾಚೆ ಗಂಗಾವತಿ ತಾಲ್ಲೂಕಿನಲ್ಲಿದೆ. ಕಂಪ್ಲಿ ಬಿದ್ದು ಹತ್ತು ವರ್ಷಗಳೊಳಗೆ, 1336ರಲ್ಲಿ, ವಿಜಯನಗರ ತಲೆಯೆತ್ತಿತು. ಕೋಟೆ ಪ್ರದೇಶದಲ್ಲಿ ಹೊಳೆಯ ದಂಡೆಗೆ ಹೋಗಿ ನಿಂತರೆ, ಸೋತ ಊರಿನ ಅನುಭವದಿಂದಲೇ ಮುಂದಿನವರು ಬೆಟ್ಟಗಳ ಮಧ್ಯೆ ಏಳು ಸುತ್ತಿನ ನಗರ ಕಟ್ಟಿದರೇನೋ ಅನ್ನಿಸದಿರದು.

ಹೊಳೆ ದಾಟುವ ಕಷ್ಟ

ಕಂಪ್ಲಿಯ ಸೇತುವೆ ದಾಟಿದರೆ ಗಂಗಾವತಿ, ಗಂಗಾವತಿಯಿಂದ ಆನೆಗೊಂದಿ. ಹಂಪಿಯ ದಂಡೆಯಲ್ಲಿ ನಿಂತರೆ ಎದುರಿಗೇ ಕಾಣುವ ಆನೆಗೊಂದಿಗೆ ಇಷ್ಟು ದೂರ ಬಳಸಿಕೊಂಡು ಬರುವುದೇ ಒಂದು ಪಾಠ. ಪಾಯಸ್‌ನ ಕಾಲದಲ್ಲಿ ಜನ ಬಿದಿರಿನ ಬುಟ್ಟಿಗೆ ಚರ್ಮ ಹೊದಿಸಿದ ದುಂಡನೆಯ ಹರಿಗೋಲುಗಳಲ್ಲಿ ದಾಟುತ್ತಿದ್ದರು. ಆನಂತರದ ಶತಮಾನಗಳಲ್ಲೂ ಹರಿಗೋಲೇ ಗತಿಯಾಯಿತು.

ತಳವಾರಘಟ್ಟದ ಬಳಿ ಆನೆಗೊಂದಿಗೆ ಸೇತುವೆ ಕಟ್ಟುವ ಕೆಲಸ 1990ರ ದಶಕದಲ್ಲಿ ಶುರುವಾಯಿತು. ಸ್ಮಾರಕಗಳ ನಡುವೆ ವಾಹನಗಳ ಓಡಾಟ ಹೆಚ್ಚುತ್ತದೆಂಬ ಆತಂಕ ಎದ್ದಿತು. 1999ರಲ್ಲಿ ಯುನೆಸ್ಕೋ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. 2006ರಲ್ಲಿ ಆ ಪಟ್ಟಿಯಿಂದ ಹಂಪಿ ಹೊರಬಂತು. ಅರ್ಧಕ್ಕೆ ನಿಂತು ಮತ್ತೆ ಶುರುವಾಗಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದುಬಿತ್ತು. ಕೂಲಿಗಳ ಪ್ರಾಣಹಾನಿಯೂ ಆಯಿತು. ಆಮೇಲೆ ಇನ್ನೂ ಕೆಳಗೆ, ಬುಕ್ಕಸಾಗರ ಮತ್ತು ಕಡೆಬಾಗಿಲುಗಳ ನಡುವೆ ಸೇತುವೆ ಬಂತು. ಶಾಲೆಗೆ, ಆಸ್ಪತ್ರೆಗೆ, ಸಂತೆಗೆ ಹೋಗಬೇಕಾದ ಹಳ್ಳಿಗರಿಗೆ ಸೇತುವೆ ಬೇಕು. ಕಲ್ಲಿನ ನಗರಕ್ಕೆ ಸದ್ದು, ಅದುರು, ಹೊಗೆ ಬೇಡ. ಇಬ್ಬರಿಗೂ ಒಗ್ಗುವ ಜಾಗ ಹುಡುಕಲು ವರ್ಷಗಳೇ ಹಿಡಿದವು.

ಆನೆಗೊಂದಿ ಈಗ ಕೊಪ್ಪಳ ಜಿಲ್ಲೆಗೆ, ಕಂಪ್ಲಿ ಬಳ್ಳಾರಿ ಜಿಲ್ಲೆಗೆ, ಹಂಪಿ ವಿಜಯನಗರ ಜಿಲ್ಲೆಗೆ ಸೇರಿವೆ. ಒಂದೇ ಕಥೆಯ ಮೂರು ಊರುಗಳು ಮೂರು ಜಿಲ್ಲೆಗಳಿಗೆ ಹಂಚಿಹೋಗಿವೆ. ಆದರೆ ಮೂರೂ ಜಿಲ್ಲೆಗಳಲ್ಲಿ ಓಡುವುದು ಒಂದೇ ನಿಗಮದ ಬಸ್ಸು. 2000ದಲ್ಲಿ ಈಶಾನ್ಯ ಕರ್ನಾಟಕ ಸಾರಿಗೆ ಎಂದು ಬೇರೆಯಾದ ಸಂಸ್ಥೆಗೆ 2021ರಿಂದ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಎಂದು ಹೆಸರು.

ಒಂದು ಎಚ್ಚರಿಕೆ: ಮಳೆಗಾಲದಲ್ಲಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗಿ ಆ ದಾರಿಯ ಬಸ್ಸು ನಿಂತುಬಿಡುತ್ತದೆ. ಅಂಥ ದಿನಗಳಲ್ಲಿ ಕಂಪ್ಲಿಯವರೆಗೆ ಮಾತ್ರ ಹೋಗಿ ಹಿಂದಿರುಗಬೇಕು. ಹರಿಗೋಲು ಹತ್ತುವ ಯೋಚನೆಯಂತೂ ಬೇಡವೇ ಬೇಡ.

ಕೆಂಪು ಬೆಟ್ಟಗಳ ಸಂಡೂರು

ಮೂರನೆಯ ದಿನ ದಕ್ಷಿಣಕ್ಕೆ. ಹೊಸಪೇಟೆಯ ದಕ್ಷಿಣಕ್ಕೆ ಎರಡು ಬೆಟ್ಟಸಾಲುಗಳ ನಡುವಿನ ಕಣಿವೆಗೆ ಅಡ್ಡವಾಗಿ ರಾಯರ ಕೆರೆಯ ಏರಿ ಇದೆ. ಕೃಷ್ಣದೇವರಾಯ ಈ ಕೆರೆ ಕಟ್ಟಿಸುವಾಗ ಪೋರ್ಚುಗೀಸ್ ಕುಶಲಕರ್ಮಿಯೊಬ್ಬನ ನೆರವು ಪಡೆದನೆಂದು ನೂನಿಜ್ ಎಂಬ ಇನ್ನೊಬ್ಬ ಪೋರ್ಚುಗೀಸ್ ಬರಹಗಾರ ಹೇಳಿದ್ದಾನೆ. ಪಾಯಸ್, ನೂನಿಜ್ ಇಬ್ಬರ ಬರಹಗಳನ್ನೂ ಇಂಗ್ಲಿಷಿಗೆ ತಂದು 1900ರಲ್ಲಿ ಪ್ರಕಟಿಸಿದ ರಾಬರ್ಟ್ ಸೆವೆಲ್, ಈ ಏರಿಯ ಮೇಲೆಯೇ ದಕ್ಷಿಣದ ತಾಲ್ಲೂಕುಗಳಿಗೆ ಹೋಗುವ ಹೆದ್ದಾರಿ ಹಾಯುವುದನ್ನು ಗುರುತಿಸಿದ್ದ. ಅಂದು ನೀರು ತಡೆಯಲು ಕಟ್ಟಿದ್ದು ಮುಂದೆ ದಾರಿಯೂ ಆಯಿತು.

ಹೊಸಪೇಟೆಯಿಂದ ಸಂಡೂರು ಸುಮಾರು 30 ಕಿ.ಮೀ. ಪೇಟೆ ದಾಟಿದಂತೆ ಕಲ್ಲಿನ ಬಣ್ಣವೇ ಬದಲಾಗುತ್ತದೆ. ಹಂಪಿಯ ಬೂದು, ನಸುಗೆಂಪು ಗುಂಡುಬಂಡೆಗಳು ಸುಮಾರು 250 ಕೋಟಿ ವರ್ಷ ವಯಸ್ಸಿನ ಗ್ರಾನೈಟ್. ಸಂಡೂರಿನ ಬೆಟ್ಟಗಳು ಕಬ್ಬಿಣದ ಅದಿರು ತುಂಬಿದ ಕಡುಗೆಂಪು ಶಿಲೆ. ಒಂದು ಗಂಟೆಯ ಬಸ್ ಪ್ರಯಾಣದಲ್ಲಿ ಭೂವಿಜ್ಞಾನದ ಎರಡು ಪುಟಗಳನ್ನು ತಿರುವಿದಂತೆ. ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ನಿಲ್ಲಿಸಿ, ಆಮೇಲೆ ಮಿತಿಗಳನ್ನು ಹಾಕಿ ಬಿಟ್ಟಿತು. ಅದಿರಿನ ಲಾರಿಗಳ ಹಿಂದೆ ಬಸ್ಸು ತೆವಳುವಾಗ ಕಿಟಕಿ ಮುಚ್ಚಿಕೊಳ್ಳಬೇಕಾದೀತು. ಅಗೆದ ಬೆಟ್ಟ, ಅಗೆಯದ ಬೆಟ್ಟ ಎರಡೂ ಒಂದೇ ಕಿಟಕಿಯಲ್ಲಿ ಕಾಣುವುದರಿಂದ, ಯಾವುದು ಏಕೆ ಹಾಗಿದೆ ಎಂದು ಮಕ್ಕಳಿಗೆ ವಿವರಿಸಲು ಬೇರೆ ಪುಸ್ತಕ ಬೇಕಿಲ್ಲ.

ಸಂಡೂರು ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನವಾಗಿತ್ತು. 1949ರಲ್ಲಿ ಭಾರತದ ಆಗಿನ ಮದರಾಸು ಪ್ರಾಂತದೊಂದಿಗೆ ವಿಲೀನವಾಯಿತು. 1934ರಲ್ಲಿ ಗಾಂಧೀಜಿ ಇಲ್ಲಿಗೆ ಬಂದಿದ್ದರು. ಊರಿನಿಂದ ಹತ್ತಾರು ಕಿ.ಮೀ. ದೂರದ ಕಾಡಿನಲ್ಲಿ ಕುಮಾರಸ್ವಾಮಿ ಮತ್ತು ಪಾರ್ವತಿಯರ ಪ್ರಾಚೀನ ದೇವಾಲಯಗಳಿವೆ. ಇವು ವಿಜಯನಗರಕ್ಕಿಂತ ಹಲವು ಶತಮಾನ ಹಳೆಯವು. ಅಲ್ಲಿಗೆ ಹೋಗುವ ಬಸ್ಸಿನ ವೇಳೆಯನ್ನು ಸಂಡೂರು ನಿಲ್ದಾಣದಲ್ಲಿ ಇಳಿದ ಕೂಡಲೇ ವಿಚಾರಿಸಿಕೊಳ್ಳಬೇಕು. ಕನ್ನಡಿ, ಕವಡೆ ಹೊಲಿದ ಇಲ್ಲಿನ ಲಂಬಾಣಿ ಕಸೂತಿ ದೇಶವಿದೇಶಗಳಲ್ಲಿ ಹೆಸರಾಗಿದೆ, ಭೌಗೋಳಿಕ ಸೂಚಿಯ ಮಾನ್ಯತೆಯನ್ನೂ ಪಡೆದಿದೆ. ಮಳೆ ನಿಂತ ಮೇಲೆ, ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಬಂದರೆ ಕೆಂಪು ಬೆಟ್ಟಗಳ ಮೇಲೆ ಹಸಿರು ಹೊದಿಕೆ. ಹಂಪಿಯ ಬಿಸಿಲಿನಿಂದ ಬಂದವರಿಗೆ ಇದು ಬೇರೆಯೇ ಲೋಕ.

ಅಪ್ಪ ಅಮ್ಮಂದಿರಿಗೆ ಎರಡು ಮಾತು

‘ಮಕ್ಕಳನ್ನು ಕಟ್ಟಿಕೊಂಡು ಬಸ್ಸಿನಲ್ಲೇ?’ ಎಂದು ಹಿಂಜರಿಯುವ ಪೋಷಕರಿದ್ದಾರೆ. ಕಾಯುವುದು, ನೂಕುನುಗ್ಗಲು, ಸೀಟು ಸಿಗದ ತೊಂದರೆ ಇವೆಲ್ಲ ಇಲ್ಲವೆಂದಲ್ಲ. ಬೆಳಗ್ಗೆ ಶಾಲಾ ಕಾಲೇಜು ವೇಳೆಯಲ್ಲಿಯೂ ಸಂಜೆ ಅವು ಬಿಡುವ ವೇಳೆಯಲ್ಲಿಯೂ ನಿಲ್ಲಲೂ ಜಾಗವಿರುವುದಿಲ್ಲ. 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾದ ಮೇಲೆ ಹಂಪಿ, ಹುಲಿಗಿಗಳಂಥ ಕ್ಷೇತ್ರಗಳ ಬಸ್ಸು ಹಬ್ಬ, ಹುಣ್ಣಿಮೆಗಳಲ್ಲಿ ತುಂಬಿ ತುಳುಕುತ್ತದೆ. ಅಮ್ಮ, ಅಜ್ಜಿ, ಮಗಳು ಗುರುತಿನ ಚೀಟಿ ಇಟ್ಟುಕೊಂಡರೆ ಮೂರು ದಿನದ ಈ ಸುತ್ತಾಟದಲ್ಲಿ ಅವರ ಬಸ್ ಖರ್ಚು ಸೊನ್ನೆ. ಕಾರಿನ ಬಾಡಿಗೆಗೆ ಹೆದರಿ ಮನೆಯಲ್ಲಿಯೇ ಉಳಿಯುತ್ತಿದ್ದ ಎಷ್ಟೋ ಹೆಣ್ಣುಮಕ್ಕಳು ಹಂಪಿ ಕಂಡದ್ದು ಹೀಗೆ.

ಲಾಭ ಇನ್ನೂ ಒಂದಿದೆ. ಪಕ್ಕದಲ್ಲಿ ಕುಳಿತವರು ಇದೇ ನಗರದ ಈಗಿನ ನಿವಾಸಿಗಳು. ಬಾಳೆಗೊನೆ ಮಾರಿ ಬಂದ ರೈತ, ಪಾಸು ಹಿಡಿದ ಕಾಲೇಜು ಹುಡುಗಿ, ಹರಕೆ ತೀರಿಸಲು ಹೊರಟ ಅಜ್ಜಿ. ‘ಯಾವೂರ್ರೀ ನಿಮ್ದು?’ ಎಂದು ಶುರುವಾದ ಮಾತು ಕಾಲುವೆ ನೀರು ಯಾವಾಗ ಬಿಡುತ್ತಾರೆ, ಜಾತ್ರೆ ಯಾವಾಗ, ಯಾವ ದಾರಿ ಹತ್ತಿರ ಎಂಬಲ್ಲಿಗೆ ಬರುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳ ಪೈಕಿ 19ನೆಯದು ಕೊಚ್ಚಿಹೋದಾಗ ಈ ಸೀಮೆಯ ಜನ ನಿದ್ದೆಗೆಟ್ಟು ಕುಳಿತದ್ದು ಏಕೆಂದು ಅವರ ಬಾಯಿಂದಲೇ ಕೇಳಬೇಕು. ನೀರಿನ ಮೇಲೆ ನಿಂತ ನಗರವಿದು, ಅಂದಿಗೂ ಇಂದಿಗೂ.

ದೇಶ ಸುತ್ತಬೇಕು, ಕೋಶ ಓದಬೇಕು ಎಂದರು ಹಿರಿಯರು. ಮುಂದಿನ ರಜೆಯಲ್ಲಿ ಮಕ್ಕಳ ಕೈಗೆ ಒಂದು ನೋಟ್‌ಬುಕ್ಕು ಕೊಟ್ಟು, ಹತ್ತಿದ ಬಸ್ಸು, ದಾಟಿದ ಊರು, ಕಂಡ ಗೋಡೆ, ಕಾಲುವೆಗಳನ್ನು ಬರೆದಿಡಲು ಹೇಳಿ. ಮೂರನೆಯ ದಿನ ಸಂಜೆ ‘ಊರು ಎಷ್ಟು ದೊಡ್ಡದಿತ್ತು?’ ಎಂದು ಕೇಳಿದರೆ ಅವರೇ ನಕ್ಷೆ ಬರೆದು ತೋರಿಸಿಯಾರು.

ಗಮನದಲ್ಲಿರಲಿ

• ಎಲ್ಲ ಬಸ್ಸುಗಳಿಗೂ ಕೇಂದ್ರ ಹೊಸಪೇಟೆ. ಹಂಪಿ 13 ಕಿ.ಮೀ., ಸಂಡೂರು ಸುಮಾರು 30, ಕಂಪ್ಲಿ ಸುಮಾರು 33. ತುಂಗಭದ್ರಾ ಅಣೆಕಟ್ಟೆ ಹತ್ತಿರದಲ್ಲೇ ಇದೆ, ಅಲ್ಲಿಗೂ ಬಸ್ಸಿದೆ.

• ಇಳಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ ವಾಪಸು ಬಸ್ಸಿನ ವೇಳೆ ಕೇಳುವುದು. ಕೊನೆಯ ಬಸ್ಸನ್ನೇ ನಂಬಿಕೊಳ್ಳದೆ ಅದಕ್ಕಿಂತ ಹಿಂದಿನದನ್ನು ಹಿಡಿಯಿರಿ.

• ಕಮಲಾಪುರದ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಪುರಾತತ್ತ್ವ ಇಲಾಖೆಯ ಸ್ಮಾರಕಗಳಿಗೆ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ.

• ಬೇಸಿಗೆಯ ಬಿಸಿಲು ಬಲು ಕಠಿಣ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಟೋಪಿ, ನೀರು, ನಡೆಯಲು ಒಗ್ಗುವ ಚಪ್ಪಲಿ ಇರಲಿ.

• ಚಿಲ್ಲರೆ ಹಣ ಇಟ್ಟುಕೊಳ್ಳಿ. ಕಂಡಕ್ಟರ್ ಟಿಕೆಟ್ ಹಿಂದೆ ಬಾಕಿ ಬರೆದುಕೊಟ್ಟರೆ ಇಳಿಯುವ ಮುನ್ನ ಕೇಳಿ ಪಡೆಯಲು ಮರೆಯಬೇಡಿ.